ಎಂಟನೆಯ ಹೆಸರು

ನಾನು ಪುಕ್ಕಲ ಮನುಷ್ಯ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ. ನಿವೃತ್ತಿಯ ದಿನ ಆಫೀಸಿನವರು ಕೇಕು ಕತ್ತರಿಸಿ, ನಮ್ಮ ಗುರು ಧೈರ್ಯಸ್ಥ, ಗಟ್ಟಿ ಮನಸ್ಸಿನವನು ಎಂದೆಲ್ಲ ನನ್ನನ್ನು ಹೊಗಳಿದರು. ನಾನು ಕೇಕು ತಿನ್ನುತ್ತಾ ಸುಮ್ಮನೆ ನಿಂತಿದ್ದೆ. ಆ ಕುರ್ಚಿಯ ಮೇಲೆ ಕೂತ ಇಷ್ಟು ವರ್ಷಗಳಲ್ಲಿ ಹೆದರದೆ ಕೂತ ದಿನ ಒಂದೂ ಇಲ್ಲ ಎಂದು ಅವರಿಗೆ ಹೇಗೆ ಹೇಳಲಿ?

ಈಗ ಆ ಕುರ್ಚಿಗೆ ಮೈಸೂರಿನ ಕಡೆಯ ಒಬ್ಬ ಹುಡುಗಿ ಬಂದಿದ್ದಾಳೆ. ಕ್ರೀಡಾ ವಿಜ್ಞಾನ ಓದಿದವಳು, ಚುರುಕು. ಹೋದ ತಿಂಗಳು ಇಲ್ಲಿ ಕೆನಡಾದಲ್ಲಿ, ಮಿಸಿಸಾಗ ಊರಿನ ನಮ್ಮ ಮನೆಗೆ ಬಂದು, "ಅಂಕಲ್, ಫೈಲಲ್ಲಿ ಎಲ್ಲಾ ಇದೆ. ಫೈಲಲ್ಲಿ ಇಲ್ದೇ ಇರೋದನ್ನ ಬರೆದುಕೊಡಿ" ಅಂದಳು. ಚಹಾ ಕುಡಿದು ಹೋದಳು. ಅವಳು ಹೋದ ಮೇಲೆ ಎರಡು ವಾರ ನನಗೆ ಪೆನ್ನು ಮುಟ್ಟಲು ಆಗಲಿಲ್ಲ.

ನಾನು ಮಾಡುತ್ತಿದ್ದದ್ದು ಇಷ್ಟು: ವೃತ್ತಿಪರ ಸೈಕಲ್ ತಂಡವೊಂದರಲ್ಲಿ, ಯಾವ ಸವಾರ ಯಾವ ದೊಡ್ಡ ರೇಸಿಗೆ ಹೋಗಬೇಕು ಎಂದು ಗೊತ್ತು ಮಾಡುವುದು. ನಾನು ವಿಜಯಪುರ ಜಿಲ್ಲೆಯವನು. ನಮ್ಮ ಕಡೆ ಹುಡುಗರು ಸೈಕಲ್ ರೇಸಿಗೆ ಬೀಳುವುದು ಹೊಸದೇನಲ್ಲ. ನಾನೂ ಬಿದ್ದೆ, ರಾಜ್ಯ ಮಟ್ಟದವರೆಗೆ ಹೊಡೆದೆ, ಕಾಲಲ್ಲಿ ಕಸುವು ಸಾಲದೆ ಪಾನಾ ಹಿಡಿದು ಸೈಕಲ್ ರಿಪೇರಿಗೆ ಇಳಿದೆ. ಕೆನಡಾಕ್ಕೆ ಬಂದು ಮಿಸಿಸಾಗದ ಪಕ್ಕದ ರೆಕ್ಸ್‌ಡೇಲಿನ ಕಾರ್ಖಾನೆಯೊಂದರಲ್ಲಿ ಶಿಫ್ಟು ಮಾಡುತ್ತಾ, ಶನಿವಾರ ಭಾನುವಾರ ಸೈಕಲ್ ರಿಪೇರಿ ಮಾಡುತ್ತಿದ್ದಾಗ ಈ ತಂಡದವರ ಕಣ್ಣಿಗೆ ಬಿದ್ದೆ. ತಂಡದ ಖರ್ಚೆಲ್ಲ ಮಿಸಿಸಾಗದ ಒಂದು ಕಂಪನಿಯದು, ಸವಾರರು ಇರುವುದು ಯುರೋಪಿನಲ್ಲಿ, ಆಫೀಸು ಮಾತ್ರ ಏರ್‌ಪೋರ್ಟಿನ ಹಿಂದೆ. ಪಾನಾ ಹಿಡಿದವನು ಕುರ್ಚಿಗೆ ಹೇಗೆ ಬಂದ ಎನ್ನುವ ಕಥೆ ಯಾರಿಗೂ ಬೇಡ, ಬಿಡಿ.

ದೊಡ್ಡ ರೇಸು ಮೂರು. ಮೇ ತಿಂಗಳಲ್ಲಿ ಇಟಲಿ, ಜುಲೈಯಲ್ಲಿ ಫ್ರಾನ್ಸ್, ಆಗಸ್ಟ್ ಮುಗಿಯುವ ಹೊತ್ತಿಗೆ ಸ್ಪೇನ್. ಒಂದೊಂದೂ ಮೂರು ವಾರ. ಇಪ್ಪತ್ತೊಂದು ದಿನ ರೇಸು, ನಡುವೆ ಎರಡೇ ದಿನ ವಿಶ್ರಾಂತಿ. ದಿನಕ್ಕೆ ನಾಲ್ಕು ಐದು ತಾಸು ಸೀಟಿನ ಮೇಲೆ. ನೆಂಟರು ಕೇಳುತ್ತಾರೆ, ಅಷ್ಟು ದೊಡ್ಡ ಸವಾರರಲ್ಲವೇ, ಮೂರಕ್ಕೂ ಹೋಗಬಾರದೇ ಎಂದು. ಹೋಗಬಹುದು. ಒಂದೇ ವರ್ಷದಲ್ಲಿ ಮೂರು ಸಲ ಟೈಫಾಯಿಡ್ ಬಂದರೂ ಮನುಷ್ಯ ಬದುಕಬಹುದು. ದೇಹ ವರ್ಷಕ್ಕೆ ಒಂದು ಸಲ, ಬಹಳವೆಂದರೆ ಎರಡು ಸಲ, ತನ್ನ ತುತ್ತತುದಿಗೆ ಹತ್ತುತ್ತದೆ. ಮೂರನೆಯ ಸಲ ಹತ್ತು ಎಂದರೆ ಅದು ಕೇಳುವುದಿಲ್ಲ. ಕೇಳಿದಂತೆ ನಟಿಸುತ್ತದೆ, ಅದು ಇನ್ನೂ ಅಪಾಯ.

ಅದಕ್ಕೇ ಆರಿಸಬೇಕು. ಮುಂದಿನ ವರ್ಷದ ದಾರಿಗಳು ಚಳಿಗಾಲದ ಹೊತ್ತಿಗೆ ಪ್ರಕಟವಾಗುತ್ತವೆ. ಗುಡ್ಡ ಹತ್ತುವುದರಲ್ಲಿ ನಿಪುಣನಾದವನು ಎಲ್ಲಿ ಗುಡ್ಡ ಹೆಚ್ಚು ಎಂದು ನೋಡುತ್ತಾನೆ. ಒಂಟಿಯಾಗಿ ಗಡಿಯಾರದ ವಿರುದ್ಧ ಹೊಡೆಯುವುದರಲ್ಲಿ ಗಟ್ಟಿಗನಾದವನು ಅಂಥ ದಿನಗಳನ್ನು ಹುಡುಕುತ್ತಾನೆ. ಚಳಿ ತಡೆಯದವನು ಇಟಲಿ ಬೇಡ ಅನ್ನುತ್ತಾನೆ, ಮೇ ತಿಂಗಳಲ್ಲೂ ಅಲ್ಲಿ ಮೇಲೆಲ್ಲ ಹಿಮ. ಬಿಸಿಲು ತಡೆಯದವನಿಗೆ ಸ್ಪೇನ್ ಬೇಡ. ಇವೆಲ್ಲ ಬಾಯಲ್ಲಿ ಹೇಳುವ ಕಾರಣಗಳು. ಬಾಯಲ್ಲಿ ಹೇಳದೆ ಎಲ್ಲರೂ ನೋಡುವುದು ಇನ್ನೊಂದು: ತನ್ನನ್ನು ಸೋಲಿಸುವವನು ಈ ವರ್ಷ ಎಲ್ಲಿಗೆ ಹೋಗುತ್ತಿದ್ದಾನೆ? ಅವನು ಫ್ರಾನ್ಸಿಗೆ ಹೋದರೆ ಇವನಿಗೆ ಇದ್ದಕ್ಕಿದ್ದಂತೆ ಇಟಲಿಯ ಮೇಲೆ ಪ್ರೀತಿ ಉಕ್ಕುತ್ತದೆ.

ಡಿಸೆಂಬರಿನ ಶಿಬಿರದಲ್ಲಿ ಪ್ರತಿಯೊಬ್ಬನೂ ಒಂದು ಚೀಟಿಯಲ್ಲಿ ಮೂರು ರೇಸುಗಳನ್ನು ತನಗೆ ಬೇಕಾದ ಕ್ರಮದಲ್ಲಿ ಬರೆದುಕೊಡಬೇಕು. ತಂಡದಲ್ಲಿ ಮೂವತ್ತು ಜನ. ಒಂದು ರೇಸಿಗೆ ಎಂಟೇ ಹೆಸರು. ಬೇರೆಯವರೆಲ್ಲ ಯಾರ ಗೆಲುವಿಗಾಗಿ ತುಳಿಯುತ್ತಾರೋ ಆ ನಾಯಕರ ಚೀಟಿಯಲ್ಲಿ ಲೆಕ್ಕಾಚಾರ ಇರುತ್ತದೆ, ಉಳಿದವರ ಚೀಟಿಯಲ್ಲಿ ಆಸೆ. ಆಸೆ ಇದ್ದವರೆಲ್ಲ ಮೊದಲು ಬರೆಯುವುದು ಫ್ರಾನ್ಸ್.

ನಗುವ ಸಂಗತಿಗಳೂ ಇದ್ದವು. ಕೊನೆಯ ಇನ್ನೂರು ಮೀಟರಿನಲ್ಲಿ ಗೂಳಿಯಂತೆ ನುಗ್ಗುವ ಒಬ್ಬನಿದ್ದ. ಸಮತಟ್ಟು ದಾರಿ ಇರುವವರೆಗೆ ಹುಲಿ. ಪ್ರತಿ ವರ್ಷ ಇಟಲಿಗೆ ಹೋಗುತ್ತಿದ್ದ, ದೊಡ್ಡ ಬೆಟ್ಟಗಳು ಶುರುವಾಗುವ ಹಿಂದಿನ ದಿನ ತಪ್ಪದೆ ಅವನಿಗೆ ಹೊಟ್ಟೆನೋವು ಬರುತ್ತಿತ್ತು. ಪೆಟ್ಟಿಗೆ ಎರಡು ದಿನ ಮೊದಲೇ ಕಟ್ಟಿಟ್ಟಿರುತ್ತಿದ್ದ. ಒಂದು ವರ್ಷ ಎಡವಟ್ಟಾಗಿ ಬೆಟ್ಟಕ್ಕೆ ಮೊದಲೇ ಇಡೀ ರೇಸಿನ ಲೆಕ್ಕದಲ್ಲಿ ಮೊದಲ ಸ್ಥಾನಕ್ಕೇ ಬಂದುಬಿಟ್ಟ. ಮೊದಲ ಸ್ಥಾನದವನು ಹೊಟ್ಟೆನೋವೆಂದು ಮನೆಗೆ ಹೋಗಲು ಬರುತ್ತದೆಯೇ? ಪಾಪ, ಅಳುತ್ತಾ ಬೆಟ್ಟ ಹತ್ತಿದ.

ನಾನು ಸೇರಿದಾಗ ಇದ್ದ ಮುದುಕ ಡೈರೆಕ್ಟರು ಆಯ್ಕೆ ಮಾಡುತ್ತಿದ್ದ ರೀತಿಯೇ ಬೇರೆ. ಊಟದ ಸಾಲಿನಲ್ಲಿ ನಿಂತವರ ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಲ್ಲಿ ಹಿಡಿದೆಳೆದು, "ನೀನು ಫ್ರಾನ್ಸ್, ನೀನು ಮನೆ" ಅನ್ನುತ್ತಿದ್ದ. ದನದ ಸಂತೆಯಲ್ಲಿ ಹಲ್ಲು ನೋಡಿದಂತೆ. ಆಮೇಲೆ ನೋಟುಬುಕ್ಕು ಬಂತು: ಸವಾರರು ಬೆಳಿಗ್ಗೆ ಎಚ್ಚರವಾದ ಕೂಡಲೇ, ಹಾಸಿಗೆಯಿಂದ ಏಳುವ ಮೊದಲು, ನಾಡಿ ಎಣಿಸಿ ಬರೆಯಬೇಕು. ಅದಾದ ಮೇಲೆ ಫೋನಿನ ಆ್ಯಪು. ಎದ್ದ ಕೂಡಲೇ ನಾಡಿ, ತೂಕ, ನಿದ್ದೆ, ಮೈನೋವು ಎಲ್ಲ ನನ್ನ ಪರದೆಗೆ ಬಂದು ಬೀಳುತ್ತಿತ್ತು. ಮಿಸಿಸಾಗದಲ್ಲಿ ಕೂತು ಮೂವತ್ತು ಜನರ ಎದೆ ನೋಡುವ ಕೆಲಸ.

ಈಗ ಹೆದರಿಕೆ ಎಲ್ಲಿಂದ ಶುರುವಾಯಿತು ಎಂದು ಹೇಳುತ್ತೇನೆ. ನೋಟುಬುಕ್ಕಿನ ಕಾಲದಲ್ಲಿ ಟೋಮಸ್ ಎಂಬ ಸವಾರನಿದ್ದ. ಇಟಲಿ ಮುಗಿಸಿ ಬಂದಿದ್ದ. ಫ್ರಾನ್ಸಿಗೆ ಕಳಿಸಬೇಕೋ ಬೇಡವೋ ಎಂದು ನಾನು ಅವನ ನೋಟುಬುಕ್ಕು ನೋಡಿದೆ. ಅವನ ನಾಡಿ ಬೆಳಿಗ್ಗೆ ಯಾವಾಗಲೂ ನಲವತ್ತೆರಡು. ಈಗ ಮೂವತ್ತೈದು. ನಮ್ಮ ಕೆಲಸದಲ್ಲಿ ಬೆಳಗಿನ ನಾಡಿ ಇಳಿದರೆ ಹಬ್ಬ: ಹೃದಯ ಬಲವಾಗಿದೆ, ಸವಾರ ಲಯಕ್ಕೆ ಬಂದಿದ್ದಾನೆ ಎಂದು ಅರ್ಥ. ನನಗೆ ಖುಷಿಯೋ ಖುಷಿ. ಟೋಮಸ್ ಮಾತ್ರ, "ಕಾಲು ಖಾಲಿ ಅನಿಸುತ್ತದೆ ಗುರು" ಅಂದ. ನಾನು ನೋಟುಬುಕ್ಕು ತಟ್ಟಿ, "ಇದು ಸುಳ್ಳು ಹೇಳುವುದಿಲ್ಲ" ಎಂದೆ.

ಅತಿಯಾಗಿ ದಣಿದ ದೇಹದಲ್ಲೂ ಬೆಳಗಿನ ನಾಡಿ ಹಾಗೆಯೇ ಇಳಿಯುತ್ತದೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಬಲದಿಂದ ಇಳಿದದ್ದಕ್ಕೂ ಸೋತು ಇಳಿದದ್ದಕ್ಕೂ ಬೆಳಿಗ್ಗೆ ಹಾಸಿಗೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಗುಡ್ಡದ ಮೇಲೆ ಕಾಣುತ್ತದೆ. ಸೋತ ಹೃದಯ ಎಷ್ಟು ತುಳಿದರೂ ಮೇಲೇರುವುದಿಲ್ಲ. ಫ್ರಾನ್ಸಿನ ಮೊದಲ ಬೆಟ್ಟದ ದಿನ ಟೋಮಸ್ ಹತ್ತುವಾಗಲೇ ಹಿಂದೆ ಬಿದ್ದ. ಇಳಿಜಾರಿನಲ್ಲಿ ಒಂದು ತಿರುವಿಗೆ ಬ್ರೇಕು ಹಿಡಿಯುವುದು ತಡವಾಯಿತು. ನಾನು ಸವಾರರ ಹಿಂದೆ ಹೋಗುವ ತಂಡದ ಕಾರಿನಲ್ಲಿದ್ದೆ. ರಸ್ತೆ ಪಕ್ಕದ ಕಲ್ಲಿನ ಗೋಡೆಗೆ ಅವನ ಸೈಕಲ್ ಒರಗಿತ್ತು, ಅವನಿರಲಿಲ್ಲ. ಗೋಡೆಯ ಆಚೆ ಬಗ್ಗಿ ನೋಡಿದೆ. ಬದುಕಿದ್ದ. ಸೊಂಟದ ಮೂಳೆ ಒಡೆದಿತ್ತು. ಮತ್ತೆ ರೇಸು ಹೊಡೆಯಲಿಲ್ಲ.

ಅಂದಿನಿಂದ ಬೆಳಗಿನ ನಾಡಿ ಇಳಿದರೆ ನನ್ನ ನಾಡಿ ಏರುತ್ತಿತ್ತು. ಅನುಮಾನ ಬಂದವರನ್ನು ಗುಡ್ಡಕ್ಕೆ ಹಚ್ಚಿ, ಹಿಂದೆ ಕಾರಿನಲ್ಲಿ ಹೋಗಿ, ತುಳಿದಂತೆಲ್ಲ ನಾಡಿ ಏರುತ್ತದೋ ಇಲ್ಲವೋ ಎಂದು ನಾನೇ ನೋಡತೊಡಗಿದೆ. ಇದು ಯಾವ ಪುಸ್ತಕದಿಂದಲೂ ಬಂದ ವಿದ್ಯೆಯಲ್ಲ, ಟೋಮಸ್‌ನ ಸೊಂಟದಿಂದ ಬಂದದ್ದು.

ಹೀಗೆ ವರ್ಷಗಳು ಹೋದವು. ಆಮೇಲೆ ಸಿದ್ದು ಬಂದ.

ಸಿದ್ದು ಎಂದರೆ ಸಿದ್ಧಾರ್ಥ. ರೆಕ್ಸ್‌ಡೇಲಿನ ರೇಣುಕಾ, ಶಿವಾನಂದ ದಂಪತಿಯ ಒಬ್ಬನೇ ಮಗ. ಅವರು ಬೆಳಗಾವಿ ಕಡೆಯವರು, ಹಳೆಯ ಪರಿಚಯ. ರೇಣುಕಾ ವಿಮಾನಗಳಿಗೆ ಊಟ ಕಟ್ಟುವ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು, ಶಿವಾನಂದ ಟ್ರಕ್ಕು ಓಡಿಸುತ್ತಿದ್ದ. ಹುಡುಗನಿಗೆ ಒಂಬತ್ತು ವರ್ಷವಾದಾಗ ಮೊದಲ ರೇಸಿಂಗ್ ಸೈಕಲ್ ಜೋಡಿಸಿಕೊಟ್ಟವನು ನಾನೇ. ಅವನು ಬೆಳೆದು ನಮ್ಮ ತಂಡಕ್ಕೇ ಬಂದದ್ದು ನನಗೆ ಹೆಮ್ಮೆ, ಅದಕ್ಕಿಂತ ಹೆಚ್ಚು ದಿಗಿಲು. ಅವನು ಸಹಿ ಮಾಡಿದ ದಿನ ರೇಣುಕಾ ನನಗೆ ಹೇಳಿದ್ದು ಒಂದೇ ಮಾತು: "ಗುರಣ್ಣಾ, ನೀವು ಅದೀರಿ ಅಂತ ಕಳಸಾಕತ್ತೀನಿ."

ಎರಡು ವರ್ಷವಾದ ಮೇಲೆ ಡಿಸೆಂಬರಿನಲ್ಲಿ ಸಿದ್ದು ತನ್ನ ಚೀಟಿಯಲ್ಲಿ ಮೂರು ಸಾಲಿನಲ್ಲೂ ಫ್ರಾನ್ಸ್ ಎಂದೇ ಬರೆದಿದ್ದ. ಕೋತಿ. ಕರೆದು ಬೈದೆ. ನಮ್ಮ ಡೈರೆಕ್ಟರು ವಿಮ್, ಬೆಲ್ಜಿಯಂನವನು, ಹಿಂದೆ ಸ್ವತಃ ದೊಡ್ಡ ಸವಾರ. ಅವನು ಸಿದ್ದುವನ್ನು ಮೊದಲು ಇಟಲಿಗೆ ಕಳಿಸಿ ನೋಡೋಣ, ಚೆನ್ನಾಗಿ ಹೊಡೆದರೆ ಫ್ರಾನ್ಸೂ ಸಿಗಲಿ ಎಂದ. ಎರಡರ ನಡುವೆ ಐದು ವಾರ. ನನಗೆ ಇಷ್ಟವಿರಲಿಲ್ಲ. ಆದರೆ ಹೂಂ ಅಂದೆ.

ಸಿದ್ದು ಇಟಲಿಯಲ್ಲಿ ಚೆನ್ನಾಗಿಯೇ ಹೊಡೆದ. ಕೊನೆಯ ವಾರ ಬೆಟ್ಟಗಳಲ್ಲಿ ತಂಡದ ನಾಯಕನನ್ನು ಬಿಟ್ಟು ಕದಲಲಿಲ್ಲ. ಟಿವಿಯವರು ಹೊಗಳಿದರು, ಖರ್ಚು ಕೊಡುವ ಕಂಪನಿಯವರಿಗೆ ಫ್ರಾನ್ಸಿನಲ್ಲಿ ತೋರಿಸಲು ಒಬ್ಬ ಕೆನಡಾದ ಹುಡುಗ ಸಿಕ್ಕ. ಜೂನ್ ಮೊದಲ ವಾರ ಅವನು ಹತ್ತು ದಿನ ವಿಶ್ರಾಂತಿಗೆಂದು ರೆಕ್ಸ್‌ಡೇಲಿಗೆ ಬಂದ. ಮೂರನೆಯ ಬೆಳಿಗ್ಗೆ ಪರದೆಯ ಮೇಲೆ ಅವನ ನಾಡಿ ನೋಡಿದೆ. ಅವನದು ಯಾವಾಗಲೂ ನಲವತ್ತನಾಲ್ಕು. ಅಂದು ಮೂವತ್ತಾರು.

ಜಾಕೆಟ್ಟು ಹಾಕಿಕೊಂಡು ಅವರ ಮನೆಗೆ ಹೊರಟೆ.

ಸಿದ್ದು ಬೇಸ್‌ಮೆಂಟಿನಲ್ಲಿ ಮಲಗಿದ್ದ. ರೇಣುಕಾ ಅಡುಗೆಮನೆಗೆ ಕರೆದು, ದನಿ ತಗ್ಗಿಸಿ ಹೇಳಿದಳು: "ಗುರಣ್ಣಾ, ಅಂವಗ ಏನೋ ಆಗೇತ್ರಿ. ರೊಟ್ಟಿ ಕೊಟ್ರ ತಕ್ಕಡಿ ಮ್ಯಾಲಿಟ್ಟು ತೂಗಿ ಅರ್ಧ ತಿಂತಾನ. ಮೊದ್ಲಿಂದ ಹಂಗ ಮಾಡ್ತಿದ್ದ, ಅದನ್ನ ಬಿಡ್ರಿ. ಈಗ ತೂಗೂದೂ ಬಿಟ್ಟಾನ. ಮುಂದ ಇಟ್ಟದ್ದನ್ನ ಸುಮ್ಮ ನೋಡ್ಕೋತ ಕುಂಡ್ರತಾನ. ನನ್ನ ಹುಡುಗ ಹಿಂಗ ಕುಂಡ್ರಾಂವಲ್ರಿ."

"ಅವರಪ್ಪ ಏನಂತಾನ?"

"ಅವರಿಗೇನ್ರಿ, ರೇಸ್ ಮುಗಿಯೂದ ನೋಡಾಕ ಪ್ಯಾರಿಸ್ಸಿಗೆ ಟಿಕೆಟ್ ತಗೊಂಡು ಕುಂತಾರ. ಟ್ರಕ್ಕಿನ್ಯಾಗ ಸಿಕ್ಕಸಿಕ್ಕವರಿಗೆಲ್ಲ ಹೇಳ್ಕೋತ ಹೊಂಟಾರ."

ನಾನು ಅವಳಿಗೆ ಧೈರ್ಯ ಹೇಳಬೇಕಿತ್ತು. ನಾಳೆ ಬೆಳಿಗ್ಗೆ ಬರುತ್ತೇನೆ ಎಂದಷ್ಟೇ ಹೇಳಿ ಹೊರಟೆ.

ಮರುದಿನ ಬೆಳಿಗ್ಗೆ ಸಿದ್ದುವನ್ನು ಮಿಲ್ಟನ್ ಹತ್ತಿರದ ಗುಡ್ಡಕ್ಕೆ ಕರೆದೊಯ್ದೆ. ಆಲ್ಪ್ಸ್ ಕಂಡವನಿಗೆ ಅದು ಗುಡ್ಡವೂ ಅಲ್ಲ, ದಿಬ್ಬ. ಆದರೆ ನಮ್ಮ ಸುತ್ತಮುತ್ತ ಇರುವುದು ಅದೇ. ಆರು ಸಲ ಹತ್ತಿ ಇಳಿಯಬೇಕು, ಒಂದಕ್ಕಿಂತ ಒಂದು ಜೋರಾಗಿ. ನಾನು ಕಾರಿನಲ್ಲಿ ಹಿಂದೆ, ಡ್ಯಾಶ್‌ಬೋರ್ಡಿನ ಮೇಲೆ ಅವನ ನಾಡಿ ತೋರಿಸುವ ಪುಟ್ಟ ಪರದೆ. ಮೊದಲ ಸಲ ನೂರ ನಲವತ್ತು. ಇರಲಿ, ಈಗಷ್ಟೇ ಶುರು. ಮೂರನೆಯ ಸಲ ನೂರ ನಲವತ್ತೆಂಟು. ಐದನೆಯ ಸಲ ಅವನು ಸೀಟಿನಿಂದೆದ್ದು ತುಳಿಯುತ್ತಿದ್ದ, ಭುಜ ಎರಡೂ ಕಡೆ ತೂಗುತ್ತಿದ್ದವು, ಬೆವರು ಹನಿಯುತ್ತಿತ್ತು. ನಾಡಿ ನೂರ ನಲವತ್ತೆಂಟು. ಅಂಥ ತುಳಿತಕ್ಕೆ ಅವನ ನಾಡಿ ನೂರ ಎಂಬತ್ತು ದಾಟಬೇಕು. ಏರು, ಏರು ಎಂದು ನಾನು ಕಾರಿನಲ್ಲಿ ಬಾಯಿಬಿಟ್ಟು ಕೂಗುತ್ತಿದ್ದೆ, ಅವನಿಗಲ್ಲ, ಆ ಅಂಕಿಗೆ. ಅದು ಕದಲಲಿಲ್ಲ. ನನ್ನ ಕಣ್ಣ ಮುಂದೆ ಆ ಕಲ್ಲಿನ ಗೋಡೆ ಬಂತು.

ಮೇಲೆ ಹೋಗಿ ಕಾರು ನಿಲ್ಲಿಸಿದೆ. ಸಿದ್ದು ಸೈಕಲ್ಲಿನ ಮೇಲೆ ಬಾಗಿ ನಿಂತಿದ್ದ. ನನ್ನ ಮುಖ ನೋಡಿದವನೇ ಅರ್ಥ ಮಾಡಿಕೊಂಡ.

"ಕಾಕಾ, ಪ್ಲೀಸ್. ಡೋಂಟ್ ಟೆಲ್ ವಿಮ್."

"ಏನ್ ಹೇಳಬಾರದೋ? ನೂರಾ ನಲವತ್ತೆಂಟರ ಮ್ಯಾಲೆ ಹೋಗವಲ್ದು. ಯಾವಾಗಿಂದ ಹಿಂಗ?"

"ಇಟಲಿ ಲಾಸ್ಟ್ ವೀಕಿಂದ. ಇಟ್ಸ್ ಓಕೆ ಕಾಕಾ, ಐ ಕ್ಯಾನ್ ಸಫರ್. ಎರಡು ವಾರದಾಗ ಸರಿ ಆಗತೈತಿ."

"ಸರಿ ಆಗದಿದ್ರ?"

ಅವನು ತಲೆ ಎತ್ತಲಿಲ್ಲ. "ಈ ವರ್ಷ ಕಾಂಟ್ರಾಕ್ಟ್ ಮುಗೀತದ. ಫ್ರಾನ್ಸ್ ಒಂದ ಸಲ ಕಾಕಾ. ಜಸ್ಟ್ ಒನ್ಸ್. ಆಮ್ಯಾಲೆ ಸತ್ರೂ ಅಡ್ಡಿ ಇಲ್ಲ."

ಕಪಾಳಕ್ಕೆ ಹೊಡೆಯುವಷ್ಟು ಸಿಟ್ಟು ಬಂತು. "ಇನ್ನೊಮ್ಮೆ ಆ ಮಾತು ಆಡಿದ್ರ ನೋಡು" ಎಂದು ಕೂಗಿದೆ. ಆಮೇಲೆ ಸೈಕಲ್ ಎತ್ತಿ ಕಾರಿನ ಮೇಲೆ ಕಟ್ಟತೊಡಗಿದೆ.

ಅಂದೇ ಅವನ ರಕ್ತ ಪರೀಕ್ಷೆ ಮಾಡಿಸಿದೆ. ವರದಿ ಬಂದಾಗ ಎಲ್ಲ ಸರಿಯಾಗಿತ್ತು. ತಂಡದ ವೈದ್ಯರು ಯುರೋಪಿನಿಂದ ಫೋನು ಮಾಡಿ, ವರದಿಯಲ್ಲಿ ದೋಷವಿಲ್ಲ, ನಿರ್ಧಾರ ನಿಮ್ಮದು ಎಂದರು. ಈ ಕೆಲಸದಲ್ಲಿ ನಾನು ಹೆಚ್ಚು ಹೆದರುತ್ತಿದ್ದದ್ದು ಈ ಮಾತಿಗೇ. ಮುಂದಿನ ಕೆಲವು ದಿನ ನಾನು ಬೇರೆ ಏನನ್ನೂ ಮಾಡಲಿಲ್ಲ. ಆಫೀಸಿಗೆ ಹೋಗುವುದು, ಸಿದ್ದುವಿನ ಪುಟ ತೆರೆಯುವುದು, ಅವನ ಹಿಂದಿನ ಎರಡು ವರ್ಷದ ಬೆಳಗುಗಳನ್ನು ಒಂದೊಂದಾಗಿ ನೋಡುವುದು. ಊಟ ಸೇರಲಿಲ್ಲ. ಹೆಂಡತಿ ಬೈದಳು. ಕಳಿಸಿದರೆ ಹುಡುಗನ ಜೀವಕ್ಕೆ ಕುತ್ತು, ಕಳಿಸದಿದ್ದರೆ ಬದುಕಿಗೆ ಕುತ್ತು. ನಡುವೆ ರೇಣುಕಾಳ ಮುಖ.

ಎಂಟು ಹೆಸರು ಕೊಡಬೇಕಾದ ದಿನ ಬೆಳಿಗ್ಗೆ ವಿಮ್‌ನ ಫೋನು ಬಂತು.

"ಸಿದ್ ಬರುತ್ತಾನೆ ತಾನೇ?"

"ಇಲ್ಲ" ಎಂದೆ.

"ಅವನ ಬೆಳಗಿನ ನಾಡಿ ನಾನೂ ನೋಡಿದ್ದೇನೆ. ಮೂವತ್ತಾರು. ಜೀವನದಲ್ಲೇ ಒಳ್ಳೆಯ ಲಯದಲ್ಲಿದ್ದಾನೆ ಹುಡುಗ."

"ಟೋಮಸ್‌ನದು ಮೂವತ್ತೈದು ಇತ್ತು, ವಿಮ್."

ವಿಮ್‌ಗೆ ಟೋಮಸ್ ಗೊತ್ತಿದ್ದ. ಒಂದು ಕಾಲದಲ್ಲಿ ಇಬ್ಬರೂ ಒಂದೇ ತಂಡದಲ್ಲಿ ಹೊಡೆದವರು. ಅವನು ಉದ್ದಕ್ಕೆ ಉಸಿರು ಬಿಟ್ಟ. "ಕಂಪನಿಯವರಿಗೆ ಕೆನಡಾದವನೇ ಬೇಕು. ಅವರಿಗೆ ಏನು ಹೇಳಲಿ? ನನ್ನ ಹತ್ತಿರ ಏಳು ಹೆಸರಿವೆ ಗುರು. ಎಂಟನೆಯದು?"

"ಲೂಕ್" ಎಂದೆ.

ಒಂದು ಕ್ಷಣವೂ ಯೋಚಿಸಲಿಲ್ಲ. ಪ್ರಶ್ನೆ ಬಂತು, ಉತ್ತರ ಬಾಯಲ್ಲಿತ್ತು.

ಲೂಕ್ ಕೂಡ ಕೆನಡಾದವನೇ, ಮಿಸಿಸಾಗದಿಂದ ಪೂರ್ವಕ್ಕೆ ಒಂದು ತಾಸಿನ ದಾರಿಯ ಆಶಾವಾ ಊರಿನವನು. ಇಪ್ಪತ್ತಾರು ವರ್ಷ, ಕೆಂಪು ಕೂದಲು, ಮಾತು ಕಡಿಮೆ. ನಾಯಕನಿಗೆ ನೀರಿನ ಬಾಟಲಿ ತಂದುಕೊಡುವುದು, ನಾಯಕನ ಮುಂದೆ ಹೋಗುತ್ತಾ ಗಾಳಿ ತಡೆಯುವುದು ಅವನ ಕೆಲಸ. ಐದು ವರ್ಷ ಚೀಟಿಯಲ್ಲಿ ಮೊದಲು ಫ್ರಾನ್ಸ್ ಬರೆದಿದ್ದ, ಐದು ವರ್ಷವೂ ಸ್ಪೇನ್ ಸಿಕ್ಕಿತ್ತು, ಒಮ್ಮೆಯೂ ಗೊಣಗಲಿಲ್ಲ. ಆ ವರ್ಷವೂ ನಾನು ಅವನಿಗೆ ಕೊಟ್ಟದ್ದು ಸ್ಪೇನೇ. ಅವನನ್ನು ಆಗಸ್ಟಿಗೆ ತಯಾರು ಮಾಡುತ್ತಿದ್ದೆವು.

ನಾನೇ ಅವನಿಗೆ ಫೋನು ಮಾಡಿದೆ. "ಲೂಕ್, ಫ್ರಾನ್ಸಿಗೆ ಹೋಗುತ್ತೀಯಾ?" ಅವನು ಉತ್ತರಿಸದೆ ನಕ್ಕ. ನಕ್ಕು ನಕ್ಕು ಕೆಮ್ಮಿದ. "ತಮಾಷೆ ಅಲ್ಲ ತಾನೇ?" ಎಂದು ಎರಡು ಸಲ ಕೇಳಿದ. ಅಲ್ಲ ಎಂದೆ. "ಅಮ್ಮನಿಗೆ ಹೇಳಬಹುದಾ?" ಎಂದ. ಹೇಳು ಎಂದೆ. ಇಡೀ ಮಾತುಕತೆ ಎರಡು ನಿಮಿಷ. ಸಿದ್ದುವಿನ ಬಗ್ಗೆ ನಾನು ಅಷ್ಟು ದಿನ ಯೋಚಿಸಿದ್ದೆ.

ಸಿದ್ದುವಿಗೆ ಹೇಳಲು ಮನೆಗೇ ಹೋದೆ. ಅವನು ಬೇಸ್‌ಮೆಂಟಿನಿಂದ ಮೇಲೆ ಬರಲಿಲ್ಲ, ಬಾಗಿಲ ಹಿಂದಿನಿಂದಲೇ, "ಯೂ ಕಿಲ್ಡ್ ಮೀ ಕಾಕಾ" ಎಂದ. ಶಿವಾನಂದ ಸೋಫಾದ ಮೇಲೆ ಮುಖ ತಿರುಗಿಸಿ ಕೂತಿದ್ದ. ರೇಣುಕಾ ಬಾಗಿಲವರೆಗೆ ಬಂದು ನನ್ನ ಎರಡೂ ಕೈ ಹಿಡಿದು ಅತ್ತಳು. "ನೀವು ನಮ್ಮ ಪಾಲಿಗೆ ದೇವ್ರು ಗುರಣ್ಣಾ." ಮನೆಗೆ ಬಂದು ಅನ್ನ ಸಾರು ಉಂಡು ಮಲಗಿದೆ. ಎಷ್ಟೋ ದಿನಗಳ ಮೇಲೆ ನಿದ್ದೆ ಬಂತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಂತು, ಸೊಗಸಾಗಿಯೇ ಬಂತು.

ಜುಲೈಯಲ್ಲಿ ನಾನು ಫ್ರಾನ್ಸಿಗೆ ಹೋಗಲಿಲ್ಲ, ಆಫೀಸಿನ ಟಿವಿಯಲ್ಲೇ ನೋಡುತ್ತಿದ್ದೆ. ಇಲ್ಲಿ ಬೆಳಗಿನ ಹೊತ್ತು, ಅಲ್ಲಿ ಮಧ್ಯಾಹ್ನ. ಮೊದಲ ವಾರ ಲೂಕ್ ತೆರೆಯ ಮೇಲೆ ಎರಡು ಮೂರು ಸಲ ಕಂಡ, ಬೆನ್ನಿನ ತುಂಬ ಬಾಟಲಿ ತುರುಕಿಕೊಂಡು. ಎರಡನೆಯ ವಾರ ಬೆಟ್ಟದ ದಿನ, ಅಲ್ಲಿ ಮಳೆ. ಹತ್ತುವಾಗ ಅವನು ಗುಂಪಿನಿಂದ ಹಿಂದೆ ಉಳಿದ. ಇಳಿಜಾರಿನಲ್ಲಿ ಮುಂದಿನವರನ್ನು ಹಿಡಿಯಲು ಹೊರಟಿದ್ದನಂತೆ. ಕ್ಯಾಮೆರಾ ಬೇರೆ ಕಡೆ ಇತ್ತು. ಇದ್ದಕ್ಕಿದ್ದಂತೆ ರಸ್ತೆಯ ಮೇಲೆ ನಮ್ಮ ತಂಡದ ಅಂಗಿ ತೊಟ್ಟವನೊಬ್ಬ ಬಿದ್ದಿರುವುದನ್ನು ತೋರಿಸಿದರು. ಮುಖ ಕಾಣಲಿಲ್ಲ. ವಿವರಣೆ ಕೊಡುವವನು ಹೆಸರು ಹೇಳುವ ಮುಂಚೆ ಒಂದು ಕ್ಷಣ ತಡೆದ. ಆ ಒಂದು ಕ್ಷಣ ನನ್ನ ಮನಸ್ಸಿಗೆ ಬಂದದ್ದನ್ನು ಮುಚ್ಚಿಡುವುದಿಲ್ಲ: ಸಿದ್ದು ಮನೆಯಲ್ಲಿದ್ದಾನೆ, ದೇವರು ದೊಡ್ಡವನು ಎಂದುಕೊಂಡೆ.

ಆಮೇಲೆ ಹೆಸರು ಹೇಳಿದರು.

ಟಿವಿ ಆರಿಸಿ ಆ್ಯಪು ತೆರೆದೆ. ನಾವು ನೋಡದ ಬೆಳಗಿನ ದಾಖಲೆಗಳ ಮುಂದೆ ಅದು ಒಂದು ನೀಲಿ ಚುಕ್ಕೆ ಇಡುತ್ತದೆ, ತೆರೆದು ನೋಡಿದರೆ ಹೋಗುತ್ತದೆ. ಲೂಕ್‌ನ ಪುಟದಲ್ಲಿ ಮೇಲಿನಿಂದ ಕೆಳಗಿನವರೆಗೆ ನೀಲಿ ಚುಕ್ಕೆ. ಜೂನ್ ತಿಂಗಳಿಡೀ. ಒಂದೊಂದಾಗಿ ತೆರೆದೆ. ನಾನು ಅವನಿಗೆ ಫೋನು ಮಾಡುವ ನಾಲ್ಕು ದಿನ ಮೊದಲಿನಿಂದ ಅವನ ನಾಡಿ ಹತ್ತು ಹನ್ನೆರಡು ಏರಿತ್ತು. ಪಕ್ಕದಲ್ಲಿ ಅವನೇ ಟೈಪು ಮಾಡಿದ್ದ: ಗಂಟಲು ನೋವು. ಮೈ ಬಿಸಿ. ನಿದ್ದೆ ಸರಿಯಿಲ್ಲ. ಕೆಮ್ಮು. ನಾನು ಫೋನು ಮಾಡಿದ ದಿನವೂ ಬರೆದಿದ್ದ. ಮರುದಿನವೂ. ಸಿದ್ದು ನನ್ನಿಂದ ಮುಚ್ಚಿಟ್ಟಿದ್ದ, ಆದರೂ ಹುಡುಕಿ ತೆಗೆದಿದ್ದೆ. ಲೂಕ್ ಏನನ್ನೂ ಮುಚ್ಚಿಟ್ಟಿರಲಿಲ್ಲ.

ಜ್ವರದಿಂದ ಸೊರಗಿದ ಮೈಯಿಂದಲೇ ಬಿದ್ದನೋ, ಮಳೆಯಲ್ಲಿ ಚಕ್ರ ಜಾರಿತೋ, ಯಾರೂ ಖಚಿತವಾಗಿ ಹೇಳಲಾರರು. ಆ ದಿನ ಅದೇ ತಿರುವಿನಲ್ಲಿ ಇನ್ನಿಬ್ಬರು ಬಿದ್ದರು, ಎದ್ದು ಹೋದರು. ವಿಮ್ ಅದನ್ನೇ ಹೇಳಿ ನನ್ನನ್ನು ಸಮಾಧಾನ ಮಾಡಿದ. ಹೊಸಬರು ಇದನ್ನೊಂದು ನೆನಪಿಟ್ಟುಕೊಳ್ಳಬೇಕು: ಪಟ್ಟಿಯಿಂದ ಒಬ್ಬನನ್ನು ತೆಗೆದರೆ ಕೆಲಸ ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ. ತೆಗೆದವನ ಅಂಕಿಗಳ ಮುಂದೆ ಎಷ್ಟು ದಿನ ಕೂತಿರೋ, ಹಾಕುವವನ ಅಂಕಿಗಳ ಮುಂದೆಯೂ ಅಷ್ಟೇ ದಿನ ಕೂರಬೇಕು. ನನಗೆ ಒಬ್ಬನ ಬಗ್ಗೆಯಷ್ಟೇ ಭಯವಿತ್ತು. ಆ ಭಯ ಇಳಿದದ್ದನ್ನೇ ಕೆಲಸ ಮುಗಿದದ್ದು ಎಂದು ತಿಳಿದೆ.

ಸಿದ್ದು ಮೂರು ತಿಂಗಳು ಸೈಕಲ್ ಮುಟ್ಟಲಿಲ್ಲ. ಆದರೂ ಕಾಂಟ್ರಾಕ್ಟ್ ಮುಂದುವರಿಯಿತು, ಮುಂದಿನ ವರ್ಷ ಫ್ರಾನ್ಸಿಗೆ ಹೋದ, ಪ್ಯಾರಿಸ್ಸಿನವರೆಗೂ ಹೊಡೆದ. ಈಗ ಮಾತಾಡುತ್ತಾನೆ, ದೀಪಾವಳಿಗೆ ಫೋನು ಮಾಡುತ್ತಾನೆ. ಲೂಕ್‌ನನ್ನು ನಾಲ್ಕು ತಿಂಗಳ ಮೇಲೆ ವಿಮಾನದಲ್ಲಿ ಮನೆಗೆ ತಂದರು. ಬೆನ್ನುಮೂಳೆಗೆ ಪೆಟ್ಟು. ಕೋಲು ಹಿಡಿದು ಬಚ್ಚಲವರೆಗೆ ನಡೆಯುತ್ತಾನೆ.

ನಾನು ಆಶಾವಾಕ್ಕೆ ಹೋಗಲು ಇನ್ನೂ ಎರಡು ತಿಂಗಳು ತೆಗೆದುಕೊಂಡೆ. ಮೂರು ಸಲ ಹೊರಟು ಅರ್ಧ ದಾರಿಯಿಂದ ತಿರುಗಿ ಬಂದೆ. ನಾಲ್ಕನೆಯ ಸಲ ಮುಟ್ಟಿದೆ. ಲೂಕ್‌ನ ತಾಯಿ ಕ್ಯಾರೊಲ್ ಶಾಲೆಯ ಬಸ್ಸು ಓಡಿಸುವವಳು, ಒಂಟಿಯಾಗಿ ಮಗನನ್ನು ಬೆಳೆಸಿದವಳು. ಬೆಳಗಿನ ಟ್ರಿಪ್ಪು ಮುಗಿಸಿ ಬಂದಿದ್ದಳು, ಕೊರಳಲ್ಲಿ ಇನ್ನೂ ಕೆಲಸದ ಗುರುತುಚೀಟಿ ಇತ್ತು. ಲೂಕ್ ಪಕ್ಕದ ಕೋಣೆಯಲ್ಲಿ ಮಲಗಿದ್ದ. ಕಾಫಿ ಕೊಟ್ಟಳು. ಬೈಯುತ್ತಾಳೆ ಎಂದು ಎದೆ ಗಟ್ಟಿ ಮಾಡಿಕೊಂಡು ಕೂತಿದ್ದೆ. ಅವಳು ಬೈಯಲಿಲ್ಲ.

"ನಿಮ್ಮನ್ನು ಒಂದು ಮಾತು ಕೇಳಬೇಕು ಅಂತ ಬಹಳ ದಿನದಿಂದ ಇತ್ತು" ಎಂದಳು. "ಐದು ವರ್ಷ ಅವನಿಗೆ ಫ್ರಾನ್ಸ್ ಸಿಗಲಿಲ್ಲ. ಆ ವರ್ಷ ನೀವೇ ಆರಿಸಿದಿರಂತೆ. ಅವನಲ್ಲಿ ಏನು ನೋಡಿ ಆರಿಸಿದಿರಿ?"

ಅವಳ ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಮಗನ ಬಗ್ಗೆ ಒಂದು ಒಳ್ಳೆಯ ಮಾತು ಕೇಳಲು ಕೂತಿದ್ದಳು. ಸುಳ್ಳು ಹೇಳುವುದು ಬಹಳ ಸುಲಭವಿತ್ತು, ನಾಲಿಗೆಯ ತುದಿಯಲ್ಲೇ ಇತ್ತು.

"ನೋಡಿರಲಿಲ್ಲ" ಎಂದೆ. "ಇನ್ನೊಬ್ಬ ಹುಡುಗನ ಜೀವಕ್ಕೆ ಹೆದರಿ ಅವನನ್ನು ತೆಗೆದೆ. ಒಂದು ಹೆಸರು ಬೇಕಿತ್ತು. ಲೂಕ್‌ಗೆ ಜ್ವರ ಇತ್ತು, ಬರೆದಿದ್ದ. ನಾನು ನೋಡಿಯೇ ಇರಲಿಲ್ಲ."

ಅವಳು ಎದ್ದಳು. ಹೊರಗೆ ಹೋಗು ಅನ್ನುತ್ತಾಳೆ ಎಂದುಕೊಂಡೆ. ಅವಳು ಹೋಗಿ ಲೂಕ್ ಮಲಗಿದ್ದ ಕೋಣೆಯ ಬಾಗಿಲನ್ನು ಸದ್ದಾಗದಂತೆ ಮುಚ್ಚಿ ಬಂದಳು.

"ಇದನ್ನು ಅವನಿಗೆ ಯಾವತ್ತೂ ಹೇಳಬೇಡಿ" ಎಂದಳು. "ತನ್ನನ್ನು ಆರಿಸಿದರು ಅಂದುಕೊಂಡಿದ್ದಾನೆ. ಅದೊಂದೇ ಉಳಿದಿರೋದು ಅವನಿಗೆ."

ಹೇಳಿಲ್ಲ. ಇಂಗ್ಲಿಷಿನಲ್ಲಿ ಒಂದು ಅಕ್ಷರವೂ ಬರೆದಿಲ್ಲ. ಇದನ್ನು ಕನ್ನಡದಲ್ಲಿ ಬರೆದದ್ದು ಲೂಕ್‌ಗೆ ಕನ್ನಡ ಓದಲು ಬರುವುದಿಲ್ಲ ಎಂದು.